ಕಾಣದ ಕುಲಗಳ ವಂಶಾವಳಿ

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಿದ್ದ ಕಾಲ. ಪ್ಯಾರಿಸಿನ ಪಾಸ್ಚರ್ ಮತ್ತು ಬರ್ಲಿನ್ನಿನ ಕಾಕ್ ಕಟ್ಟಿದ ರಾಜ್ಯಕ್ಕೆ ವೈದ್ಯಲೋಕವೆಲ್ಲ ಒಳಪಟ್ಟಿತ್ತು. ಅಂಟುರೋಗವೆಂದ ಮೇಲೆ ಅದಕ್ಕೊಂದು ಸೂಕ್ಷ್ಮಜೀವಿ ಇರಲೇಬೇಕು, ಅದು ಸೂಕ್ಷ್ಮದರ್ಶಕದಲ್ಲಿ ಕಾಣಲೇಬೇಕು, ಗಾಜಿನ ತಟ್ಟೆಯಲ್ಲಿ ಬೆಳೆಯಲೇಬೇಕು ಎಂಬುದು ಆ ರಾಜ್ಯದ ಶಾಸನ. ಅದಕ್ಕೆ ಮೊದಲು ತಲೆಬಾಗದೆ ನಿಂತದ್ದು ಒಂದು ಗಿಡದ ರೋಗ. ಹಾಲೆಂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆಗಳ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳೆದ್ದು ಬೆಳೆ ಹಾಳಾಗುತ್ತಿತ್ತು. ವಾಗೆನಿಂಗೆನ್‌ನ ಕೃಷಿ ಪ್ರಯೋಗಶಾಲೆಯ ಅಡಾಲ್ಫ್ ಮೇಯರ್ 1886ರಲ್ಲಿ ಇದಕ್ಕೆ ಮೊಸಾಯಿಕ್ ರೋಗವೆಂದು ಹೆಸರಿಟ್ಟ. ರೋಗದ ಎಲೆಯ ರಸವನ್ನು ನೆಟ್ಟಗಿದ್ದ ಗಿಡಕ್ಕೆ ಚುಚ್ಚಿದರೆ ಅದೂ ರೋಗಕ್ಕೆ ಬೀಳುತ್ತದೆಂದು ತೋರಿಸಿದ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಅಪರಾಧಿ ಸಿಗಲಿಲ್ಲ.

1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ದಿಮಿತ್ರಿ ಇವನೋವ್‌ಸ್ಕಿ ಅದೇ ರಸವನ್ನು ಷಾಂಬರ್ಲಾನ್ ರೂಪಿಸಿದ್ದ ಪಿಂಗಾಣಿ ಸೋಸುಕದಲ್ಲಿ ಹಾಯಿಸಿದ. ಯಾವ ಬ್ಯಾಕ್ಟೀರಿಯವನ್ನೂ ಆಚೆ ಬಿಡದ ಸೋಸುಕ ಅದು. ಸೋಸಿ ಬಂದ ತಿಳಿರಸದಲ್ಲೂ ರೋಗವಿತ್ತು. ಆತ ತನ್ನ ಕಣ್ಣನ್ನೇ ನಂಬಲಾಗದೆ, ಸೋಸುಕದಲ್ಲೇ ದೋಷವಿರಬೇಕೆಂದು ಅನುಮಾನಿಸಿದ. ಆರು ವರ್ಷಗಳ ಬಳಿಕ ಡೆಲ್ಫ್ಟ್ ನಗರದ ಮಾರ್ಟಿನಸ್ ಬೈಯರಿಂಕ್ ಅದೇ ಪ್ರಯೋಗ ಮಾಡಿ, ಅನುಮಾನವನ್ನು ಬದಿಗಿಟ್ಟು ಇದು ಬೇರೆಯೇ ಒಂದು ಜಾತಿ ಎಂದು ಸಾರಿದ. ಜೀವಂತ ಕೋಶದೊಳಗೆ ಹೊಕ್ಕಾಗ ಮಾತ್ರ ಹೆಚ್ಚುವ, ಅಂಟಬಲ್ಲ ಜೀವದ್ರವ ಎಂದು ಬಣ್ಣಿಸಿದ. ವೈರಸ್ ಎಂಬ ಹಳೆಯ ಪದವನ್ನು ಅದಕ್ಕೆ ಮೀಸಲಿಟ್ಟ. ಅದೇ 1898ರಲ್ಲಿ ಜರ್ಮನಿಯ ಲಫ್ಲರ್ ಮತ್ತು ಫ್ರಾಷ್ ದನಗಳ ಕಾಲುಬಾಯಿ ಜ್ವರಕ್ಕೂ ಇಂಥದೇ ಸೋಸಿಹೋಗುವ ಕಾರಣವಿದೆಯೆಂದು ಕಂಡರು. ಮೂರೇ ವರ್ಷಕ್ಕೆ ಹಳದಿ ಜ್ವರವೂ ಆ ಸಾಲಿಗೆ ಸೇರಿತು.

ಮುಂದಿನ ನಲವತ್ತು ವರ್ಷ ಈ ಸಾಲು ಬೆಳೆಯಿತೇ ಹೊರತು ಅದಕ್ಕೊಂದು ಕ್ರಮ ಬರಲಿಲ್ಲ. ಬರುವುದಾದರೂ ಹೇಗೆ? ವೈರಸ್ಸಿನ ಲಕ್ಷಣವಾಗಿ ಇದ್ದದ್ದೆಲ್ಲ ನೇತಿ ನೇತಿ: ಕಾಣುವುದಿಲ್ಲ, ಸೋಸುಕಕ್ಕೆ ಸಿಗುವುದಿಲ್ಲ, ತಟ್ಟೆಯಲ್ಲಿ ಬೆಳೆಯುವುದಿಲ್ಲ. ಇಲ್ಲಗಳಿಂದ ಕುಲ ಕಟ್ಟಲಾಗದು. ಹೀಗಾಗಿ ವಿದ್ವಾಂಸರು ವೈರಸ್ಸನ್ನು ಬಿಟ್ಟು ನರಳುವವನನ್ನು ನೋಡಿದರು. ನರಕ್ಕೆ ತಗಲುವವು ಒಂದು ಗುಂಪು, ಚರ್ಮಕ್ಕೆ ಏಳುವವು ಇನ್ನೊಂದು, ಶ್ವಾಸಕ್ಕೆ ಮತ್ತೊಂದು, ಒಳಾಂಗಗಳಿಗೆ ಮಗದೊಂದು. ಪೋಲಿಯೊ ಮತ್ತು ಹುಚ್ಚುನಾಯಿ ರೋಗ ಒಂದೇ ಮನೆಯವಾದವು. ನಮ್ಮ ಹಳ್ಳಿಗಳಲ್ಲಿ ಸಿಡುಬು, ಸೀತಾಳ ಸಿಡುಬು, ದಡಾರ ಮೂರಕ್ಕೂ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟುತ್ತಿದ್ದವರು ಯುರೋಪಿನ ಆ ಪಂಡಿತರಿಗಿಂತ ಹೆಚ್ಚೇನೂ ತಪ್ಪಿರಲಿಲ್ಲ. ಇಬ್ಬರ ಆಧಾರವೂ ಮೈಮೇಲೆ ಎದ್ದ ಗುಳ್ಳೆಯೇ.

ಈ ಅಸ್ತವ್ಯಸ್ತಕ್ಕೆ ಲಿನೇಯಸ್‌ನ ಶಿಸ್ತು ತರಲು ಹೊರಟವನು ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ಫ್ರಾನ್ಸಿಸ್ ಹೋಮ್ಸ್. ಗಿಡಮರಗಳಿಗೂ ಪ್ರಾಣಿಗಳಿಗೂ ಇರುವಂತೆ ವೈರಸ್ಸಿಗೂ ಎರಡು ಪದದ ಲ್ಯಾಟಿನ್ ಹೆಸರಿರಲಿ ಎಂದು 1939ರಲ್ಲಿ ಆತ ಸಸ್ಯ ವೈರಸ್ಸುಗಳಿಗೆ ನಾಮಕರಣ ಮಾಡಿದ. 1948ರಲ್ಲಿ ಬರ್ಗಿಯ ಬ್ಯಾಕ್ಟೀರಿಯಾ ಕೈಪಿಡಿಯ ಕೊನೆಗೆ ಎಲ್ಲ ವೈರಸ್ಸುಗಳನ್ನೂ ಸೇರಿಸಿದ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಅಲ್ಲಿ ಮಾರ್ಮರ್ ಟಬಾಸಿ ಎನಿಸಿತು. ಹೆಸರುಗಳೇನೋ ಗಂಭೀರವಾಗಿದ್ದವು. ಅವುಗಳ ಕೆಳಗೆ ಇದ್ದ ಆಧಾರ ಮಾತ್ರ ಹಳೆಯದೇ, ಯಾವ ಆಶ್ರಯದಾತ ಮತ್ತು ಯಾವ ರೋಗಲಕ್ಷಣ. ಸಂಶೋಧಕರು ಆ ಹೆಸರುಗಳನ್ನು ಬಳಸಲಿಲ್ಲ, ಪದ್ಧತಿ ಕಾಲದ ಮರೆಗೆ ಸರಿಯಿತು. ಹೋಮ್ಸ್‌ನದು ಅಕಾಲದ ಸಾಹಸವೆಂದು ನನ್ನ ಎಣಿಕೆ; ಮಂಟಪ ಕಟ್ಟಿದ, ಆದರೆ ಒಳಗೆ ಕೂರಿಸಲು ವಿಗ್ರಹ ಇನ್ನೂ ಸಿಕ್ಕಿರಲಿಲ್ಲ.

ವಿಚಿತ್ರವೆಂದರೆ ಆ ವಿಗ್ರಹ ಅದೇ ಪ್ರಿನ್ಸ್‌ಟನ್ನಿನಲ್ಲೇ ಹೊರಬರುತ್ತಿತ್ತು. ರಾಕ್‌ಫೆಲರ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ವೆಂಡೆಲ್ ಸ್ಟ್ಯಾನ್ಲಿ 1935ರಲ್ಲಿ ರಾಶಿ ರಾಶಿ ರೋಗದ ಹೊಗೆಸೊಪ್ಪನ್ನು ಅರೆದು, ರಸವನ್ನು ಶುದ್ಧಮಾಡುತ್ತ ಹೋಗಿ ಕೊನೆಗೆ ಸೂಜಿಯಂಥ ಹರಳುಗಳನ್ನು ಪಡೆದ. ಉಪ್ಪಿನಂತೆ, ಸಕ್ಕರೆಯಂತೆ ಹರಳುಗಟ್ಟಿದ ವಸ್ತು. ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ. ಜೀವವೋ ಜಡವೋ ಎಂಬ ಚರ್ಚೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಸ್ಟ್ಯಾನ್ಲಿ ಅದನ್ನು ಶುದ್ಧ ಪ್ರೋಟೀನೆಂದು ಘೋಷಿಸಿದ್ದ. ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ ಮರುವರ್ಷವೇ ಅದನ್ನು ತಿದ್ದಿದರು: ಹರಳಿನಲ್ಲಿ ರಂಜಕವಿದೆ, ಆ ರಂಜಕ ಇರುವುದು ಆರ್‌ಎನ್‌ಎಯಲ್ಲಿ, ಆ ಆರ್‌ಎನ್‌ಎ ತೂಕದಲ್ಲಿ ನೂರಕ್ಕೆ ಐದಾರು ಪಾಲು. ಉಳಿದ ತೊಂಬತ್ತನಾಲ್ಕು, ತೊಂಬತ್ತೈದು ಪಾಲೂ ಪ್ರೋಟೀನೇ ಆಗಿದ್ದಾಗ ಆ ಐದು ಪಾಲನ್ನು ಯಾರು ಲೆಕ್ಕಕ್ಕಿಟ್ಟಾರು? 1946ರ ನೊಬೆಲ್ ಸ್ಟ್ಯಾನ್ಲಿಗೆ ಸಂದಿತು.

ಇತ್ತ ಬರ್ಲಿನ್ನಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದ ಅರ್ನ್ಸ್ಟ್ ರುಸ್ಕಾನ ತಮ್ಮ ಹೆಲ್ಮುಟ್ ವೈದ್ಯನಾಗಿದ್ದ. ಅವನೂ ಸಂಗಡಿಗರೂ 1939ರಲ್ಲಿ ಹೊಗೆಸೊಪ್ಪಿನ ವೈರಸ್ಸನ್ನು ಆ ಯಂತ್ರದ ಕೆಳಗಿಟ್ಟರು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲನ್ನು ನ್ಯಾನೊಮೀಟರ್ ಎನ್ನುವುದಾದರೆ, ಅಂಥ 300 ನ್ಯಾನೊಮೀಟರ್ ಉದ್ದದ, 18 ನ್ಯಾನೊಮೀಟರ್ ದಪ್ಪದ ಕಡ್ಡಿಗಳು ಕಂಡವು. ಕಾಣದ್ದು ಕಂಡಿತು. ಯುದ್ಧ ಉರಿಯುತ್ತಿದ್ದ 1943ರಲ್ಲಿ ಹೆಲ್ಮುಟ್ ರುಸ್ಕಾ, ರೋಗವನ್ನು ಬಿಟ್ಟು ಆಕಾರವನ್ನೇ ಆಧಾರವಾಗಿಟ್ಟು ವೈರಸ್ಸುಗಳನ್ನು ವಿಂಗಡಿಸುವ ಮೊದಲ ಯತ್ನವನ್ನು ಪ್ರಕಟಿಸಿದ. ಬಾಂಬು ಬೀಳುತ್ತಿದ್ದ ಯುರೋಪಿನಲ್ಲಿ ಅದನ್ನು ಓದಿದವರು ಕಡಿಮೆ. ಆದರೂ ಪ್ರಶ್ನೆ ನರಳುವವನಿಂದ ವೈರಸ್ಸಿನ ಮೈಗೆ ತಿರುಗಿದ್ದು ಅಲ್ಲಿಂದಲೇ.

ಮೈಯಿಂದ ಒಡಲಿಗೆ ಹೋಗಲು ಇನ್ನೊಂದು ದಶಕ ಹಿಡಿಯಿತು. 1952ರಲ್ಲಿ ಹರ್ಷಿ ಮತ್ತು ಚೇಸ್, ಬ್ಯಾಕ್ಟೀರಿಯವನ್ನು ಹೊಗುವ ವೈರಸ್ ತನ್ನ ಪ್ರೋಟೀನ್ ಕವಚವನ್ನು ಹೊರಗೇ ಬಿಟ್ಟು ಡಿಎನ್‌ಎಯನ್ನು ಒಳಗೆ ಕಳಿಸುತ್ತದೆಂದು ತೋರಿಸಿದರು. 1956ರಲ್ಲಿ ಟ್ಯೂಬಿಂಗೆನ್ನಿನ ಗೀರರ್ ಮತ್ತು ಷ್ರಾಮ್ ಹೊಗೆಸೊಪ್ಪಿನ ವೈರಸ್ಸಿನಿಂದ ಪ್ರೋಟೀನನ್ನೆಲ್ಲ ತೊಳೆದು, ಉಳಿದ ಬರಿಯ ಆರ್‌ಎನ್‌ಎಯನ್ನು ಎಲೆಗೆ ಸವರಿದರು, ರೋಗ ಬಂತು. ಇಪ್ಪತ್ತು ವರ್ಷ ಕಡೆಗಣನೆಗೆ ಒಳಗಾಗಿದ್ದ ಆ ಐದು ಪಾಲೇ ಯಜಮಾನ ಎಂದಾಯಿತು. ಪೀಳಿಗೆಯ ಬರಹವಿರುವುದು ಅಲ್ಲಿ, ಉಳಿದದ್ದು ಕೋಟೆ.

ಆ ಕೋಟೆಯ ನಕ್ಷೆ ತೆಗೆದವರಲ್ಲಿ ರೊಸಾಲಿಂಡ್ ಫ್ರ್ಯಾಂಕ್ಲಿನ್ ಎಂಬಾಕೆಯ ಹೆಸರನ್ನು ಡಿಎನ್‌ಎಯ ಕಥೆಗಷ್ಟೇ ಕಟ್ಟಿಹಾಕುವುದು ಅನ್ಯಾಯ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಆಕೆ ತನ್ನ ಕೊನೆಯ ಐದು ವರ್ಷಗಳನ್ನು ವೈರಸ್ಸುಗಳಿಗೇ ಕೊಟ್ಟಳು. ಹೊಗೆಸೊಪ್ಪಿನ ವೈರಸ್ಸಿನ ಕಡ್ಡಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಒಂದೇ ಬಗೆಯ ಪ್ರೋಟೀನ್ ತುಣುಕುಗಳು ಸುರುಳಿ ಮೆಟ್ಟಿಲಿನಂತೆ ಜೋಡಣೆಯಾಗಿವೆ, ಆರ್‌ಎನ್‌ಎ ಎಳೆ ಅವುಗಳ ನಡುವೆ ಹುದುಗಿ ಸುತ್ತುತ್ತ ಹೋಗಿದೆ ಎಂಬುದು ಆಕೆಯ ಮತ್ತು ಸಂಗಡಿಗರ ಎಕ್ಸ್-ರೇ ಚಿತ್ರಗಳಿಂದ ತಿಳಿದ ಸಂಗತಿ. 1958ರ ಬ್ರಸೆಲ್ಸ್ ವಿಶ್ವಮೇಳಕ್ಕೆಂದು ಆ ವೈರಸ್ಸಿನ ಆಳೆತ್ತರದ ಮಾದರಿಯನ್ನು ಆಕೆ ಮಾಡಿಸಿದ್ದಳು. ಮೇಳ ತೆರೆದದ್ದು ಏಪ್ರಿಲ್ 17ಕ್ಕೆ. ಆಕೆ ತೀರಿಕೊಂಡದ್ದು ಅದರ ಹಿಂದಿನ ದಿನ, ಮೂವತ್ತೇಳನೆಯ ವಯಸ್ಸಿನಲ್ಲಿ.

ಈ ಮಹಾನಗರಗಳ ಕಥೆಯ ನಡುವೆ ಮಲೆನಾಡಿನ ಒಂದು ಕಾಡೂ ಬರುತ್ತದೆ. 1957ರ ಬೇಸಿಗೆಯಲ್ಲಿ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯಗಳೂ ಮಂಗಗಳೂ ಸತ್ತು ಬಿದ್ದವು. ಕಾಡಿಗೆ ಹೋಗಿ ಬರುತ್ತಿದ್ದ ಜನ ಜ್ವರದಿಂದ ಮಲಗಿದರು. ಮಂಗ ಸಾಯುವ ಜ್ವರವೆಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂದು ದಿಗಿಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ವೈರಸ್ ಸಿಕ್ಕಿತು, ಆದರೆ ಅದು ಯಾರ ಪೈಕಿ? ಆಗ ಕುಲ ಕೇಳುವ ದಾರಿ ರಕ್ತದ್ದು. ಒಂದು ವೈರಸ್ಸಿಗೆ ಎದ್ದ ಪ್ರತಿಕಾಯ ಇನ್ನೊಂದನ್ನು ಗುರುತಿಸಿದರೆ ಅವೆರಡೂ ನೆಂಟರು. ಹೀಗೆ ನೋಡಿದಾಗ ಸೊರಬದ ವೈರಸ್ಸಿನ ಹತ್ತಿರದ ಬಳಗ ಸಿಕ್ಕಿದ್ದು ಸಾವಿರಾರು ಮೈಲಿ ದೂರದ ಸೈಬೀರಿಯದ ಕಾಡುಗಳಲ್ಲಿ, ಅಲ್ಲಿನ ವಸಂತಕಾಲದ ಮಿದುಳುಜ್ವರದ ವೈರಸ್ಸುಗಳಲ್ಲಿ. ಈ ವೈರಸ್ಸನ್ನು ಹರಡುವ ಉಣುಗುಗಳನ್ನು ಮೈಮೇಲೆ ಹೊತ್ತು ವಲಸೆ ಹಕ್ಕಿಗಳೇ ತಂದಿರಬಹುದೆಂಬ ಶಂಕೆಯಿಂದ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ದೊಡ್ಡ ಕಾರ್ಯಕ್ರಮವೇ ನಡೆಯಿತು. ಹಳದಿ ಜ್ವರವೆಂಬ ಮೊದಲ ದಿಗಿಲೂ ಪೂರ್ತಿ ಹುಸಿಯಾಗಲಿಲ್ಲ. ಅದೂ ಡೆಂಗಿಯೂ ಇದೂ ಆಗಿನ ಪಟ್ಟಿಯಲ್ಲಿ ಬಿ ಗುಂಪಿನ ದಾಯಾದಿಗಳು.

ಆ ಪಟ್ಟಿಯ ಹೆಸರು ಆರ್ಬೊವೈರಸ್. ಸೊಳ್ಳೆ, ಉಣುಗು, ನುಸಿಗಳು ಹೊತ್ತು ತರುವ ವೈರಸ್ಸುಗಳನ್ನೆಲ್ಲ ಅದರೊಳಗೆ ತುಂಬಿದ್ದರು. ಮುಂದೆ ಒಡಲಿನ ಬರಹವನ್ನು ಓದತೊಡಗಿದಾಗ ಈ ಬುಟ್ಟಿ ಒಡೆದ ರೀತಿ ನೋಡುವಂಥದು. ಕ್ಯಾಸನೂರಿನ ಆ ಜ್ವರದ್ದು, ಜನ ಕರೆಯುವಂತೆ ಮಂಗನ ಕಾಯಿಲೆಯದು, ಒಂಟಿ ಎಳೆಯ ಆರ್‌ಎನ್‌ಎ. ಕುರಿಗಳ ನೀಲಿ ನಾಲಿಗೆ ರೋಗದ್ದು ಜೋಡಿ ಎಳೆಯ ಆರ್‌ಎನ್‌ಎ, ಅದೂ ಹತ್ತು ತುಂಡು. ಕ್ರಿಮಿಯ ಕಾಂಗೊ ಜ್ವರದ್ದು ಮೂರು ತುಂಡು, ಒಂಟಿ ಎಳೆಯೇ, ಆದರೆ ಬರಹ ತಿರುವುಮುರುವು. ಆಫ್ರಿಕದ ಹಂದಿಜ್ವರದ್ದಂತೂ ಆರ್‌ಎನ್‌ಎಯೇ ಅಲ್ಲ, ಡಿಎನ್‌ಎ. ಬಂದ ಗಾಡಿ ಒಂದೇ ಆಗಿತ್ತು, ಇಳಿದವರು ನಾಲ್ಕು ದೇಶದವರು.

ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಆಂದ್ರೆ ಲ್ವಾಫ್ ಯುದ್ಧಕಾಲದಲ್ಲಿ ನಾಜಿಗಳ ವಿರುದ್ಧ ಗುಟ್ಟಾಗಿ ದುಡಿದವನು; ಶಾಸ್ತ್ರದಲ್ಲೂ ನಯವಾಗಿ ಮಾತಾಡಿ ಬಿಗಿಯಾಗಿ ಹಿಡಿಯುವ ಸ್ವಭಾವ. ವೈರಸ್ ಎಂದರೇನೆಂದು 1957ರಲ್ಲಿ ಆತ ಗೆರೆ ಎಳೆದ: ಡಿಎನ್‌ಎ, ಆರ್‌ಎನ್‌ಎ ಎರಡರಲ್ಲಿ ಒಂದೇ ಇರುತ್ತದೆ, ತಾನಾಗಿ ಬೆಳೆದು ಇಬ್ಭಾಗವಾಗುವುದಿಲ್ಲ, ತನ್ನದೆಂಬ ಶಕ್ತಿಯ ಉತ್ಪಾದನೆ ಇಲ್ಲ. ನೇತಿಗಳ ನಡುವೆ ಒಂದು ಇತಿ ಹುಟ್ಟಿತ್ತು. 1959ರಲ್ಲಿ ಕೇಂಬ್ರಿಡ್ಜಿನ ಬ್ರೆನ್ನರ್ ಮತ್ತು ಹಾರ್ನ್ ವೈರಸ್ಸಿನ ಸುತ್ತ ಟಂಗ್‌ಸ್ಟನ್ ಲವಣದ ಗಾಢ ಹಿನ್ನೆಲೆ ಬಳಿದು, ಅದರ ಮೈಯನ್ನು ಬಿಳಿಯಾಗಿ ಎದ್ದು ಕಾಣಿಸುವ ಉಪಾಯ ಕಂಡರು. ಅಡಿನೊವೈರಸ್ಸಿನ ಮೈಮೇಲಿನ 252 ಗುಬುಟುಗಳನ್ನೂ, ಹರ್ಪಿಸ್ ವೈರಸ್ಸಿನ 162 ಗುಬುಟುಗಳನ್ನೂ ಎಣಿಸುವುದು ಸಾಧ್ಯವಾಯಿತು.

1962ರಲ್ಲಿ ನ್ಯೂಯಾರ್ಕಿನ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಸಭೆ. ಈ ಶಾಸ್ತ್ರದ ಆಸ್ಥಾನ ನೆರೆದ ದಿನಗಳವು ಎನ್ನಬಹುದು. ಅಲ್ಲಿ ಕ್ಯಾಸ್ಪರ್ ಮತ್ತು ಕ್ಲೂಗ್ ಕವಚದ ಗಣಿತವನ್ನು ಮಂಡಿಸಿದರು. ವೈರಸ್ಸಿನ ಬರಹ ಚಿಕ್ಕದು. ನೂರು ಬಗೆಯ ಇಟ್ಟಿಗೆಗಳ ವಿವರ ಅದರಲ್ಲಿ ಹಿಡಿಯದು. ಒಂದೆರಡು ಬಗೆಯ ತುಣುಕುಗಳನ್ನೇ ಮತ್ತೆ ಮತ್ತೆ ಜೋಡಿಸಬೇಕು. ಹಾಗೆ ಜೋಡಿಸಲು ಹೆಚ್ಚು ದಾರಿಗಳಿಲ್ಲ: ಒಂದೋ ಸುರುಳಿ, ಇಲ್ಲವೇ ಇಪ್ಪತ್ತು ತ್ರಿಕೋನ ಮುಖಗಳ ಘನ. ಬಕ್‌ಮಿನ್‌ಸ್ಟರ್ ಫುಲ್ಲರ್‌ನ ತ್ರಿಕೋನಗಳ ಗುಮ್ಮಟಗಳಿಂದ ಇವರಿಗೆ ಸುಳಿವು ದೊರೆತಿತ್ತು. ಅದೇ ಸಭೆಯಲ್ಲಿ ಲ್ವಾಫ್, ಹಾರ್ನ್ ಮತ್ತು ಟೂರ್ನಿಯೆ ಮೂವರೂ ವೈರಸ್ಸುಗಳ ಹೊಸ ವ್ಯವಸ್ಥೆಯನ್ನು ಮುಂದಿಟ್ಟರು. ಮೊದಲ ಪ್ರಶ್ನೆ ಒಡಲಿನದು, ಡಿಎನ್‌ಎಯೋ ಆರ್‌ಎನ್‌ಎಯೋ. ಎರಡನೆಯದು ಕವಚದ ಜೋಡಣೆ, ಸುರುಳಿಯೋ ಘನವೋ. ಆಮೇಲೆ ಕೋಶದಿಂದ ಹೊರಡುವಾಗ ಹೊದ್ದು ಬಂದ ಕೊಬ್ಬಿನ ಹೊದಿಕೆ ಇದೆಯೋ ಬರಿಮೈಯೋ. ಕೊನೆಗೆ ಕವಚದ ಅಳತೆ, ಗುಬುಟುಗಳ ಎಣಿಕೆ. ರೋಗಿಯ ಹೆಸರು ಈ ನಾಲ್ಕರಲ್ಲಿ ಎಲ್ಲಿಯೂ ಇರಲಿಲ್ಲ.

ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. ಡಿಎನ್‌ಎಗೆ ಮೊದಲ ಮಣೆ ಏಕೆ, ಗುಬುಟಿನ ಎಣಿಕೆಗೆ ಕೊನೆಯ ಮಣೆ ಏಕೆ, ಈ ಮೇಲುಕೀಳನ್ನು ನಿಶ್ಚಯಿಸಿದವರು ಯಾರು ಎಂದು ಇಂಗ್ಲೆಂಡಿನ ಸಸ್ಯ ವೈರಸ್ ಪಂಡಿತರು ಕಟುವಾಗಿಯೇ ಕೇಳಿದರು. 1966ರಲ್ಲಿ ಮಾಸ್ಕೋದ ಸೂಕ್ಷ್ಮಜೀವಿ ಸಮ್ಮೇಳನದಲ್ಲಿ ಜಗಳ ಬಗೆಹರಿಯದೆ, ಬಗೆಹರಿಸಲೆಂದೇ ಒಂದು ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಪೀಟರ್ ವೈಲ್ಡಿಯ ನೇತೃತ್ವದಲ್ಲಿ ಅದರ ಮೊದಲ ವರದಿ ಬಂದದ್ದು 1971ರಲ್ಲಿ. ಲ್ಯಾಟಿನ್ ಜೋಡಿಹೆಸರುಗಳತ್ತ ಸಾಗುವ ಯತ್ನ ಮಾಡೋಣವೆಂದು ನಿಯಮದಲ್ಲಿ ಬರೆದುಕೊಂಡರು. ಅದು ಈಡೇರಲು ಅರ್ಧ ಶತಮಾನ ಬೇಕಾಯಿತು. ಸಮಿತಿಗಳ ನಡೆ ಅಂಥದು.

ಸಮಿತಿ ಕೂತು ಮಾತಾಡುತ್ತಿರುವಾಗ ಪ್ರಯೋಗಶಾಲೆಗಳಲ್ಲಿ ಒಂದು ಹಳೆಯ ನಂಬಿಕೆ ಅಲುಗಾಡತೊಡಗಿತ್ತು. ಪೇಟನ್ ರೌಸ್ 1911ರಲ್ಲೇ ಕೋಳಿಗೆ ಗಡ್ಡೆ ತರಿಸುವ ವೈರಸ್ಸನ್ನು ಕಂಡಿದ್ದ. ಅದರೊಳಗಿರುವುದು ಆರ್‌ಎನ್‌ಎ. ವಿಸ್ಕಾನ್ಸಿನ್ನಿನ ಹೊವರ್ಡ್ ಟೆಮಿನ್ 1964ರಿಂದಲೂ, ಈ ವೈರಸ್ ಕೋಶವನ್ನು ಹೊಕ್ಕ ಮೇಲೆ ಡಿಎನ್‌ಎ ರೂಪ ತಾಳಿ ಅಲ್ಲಿಯೇ ನೆಲೆಸುತ್ತದೆ ಎಂದು ವಾದಿಸುತ್ತ ಬಂದಿದ್ದ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂಬ ಹರಿವನ್ನು ಬಹುಮಂದಿ ಶ್ರುತಿವಾಕ್ಯದಂತೆ ನಂಬಿದ್ದ ಕಾಲದಲ್ಲಿ ಆತನ ಮಾತನ್ನು ಕೇಳಿದವರಿಲ್ಲ. ಬಾಸ್ಟನ್ ಬಳಿಯ ಎಂಐಟಿಯಲ್ಲಿದ್ದ ಡೇವಿಡ್ ಬಾಲ್ಟಿಮೋರ್ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂದ. ಪತ್ನಿ ಆಲಿಸ್ ಹುವಾಂಗ್ ಮತ್ತು ಮಾರ್ತಾ ಸ್ಟ್ಯಾಂಪ್ಫರ್ ಜೊತೆಗೂಡಿ, ದನಕುದುರೆಗಳ ಬಾಯಲ್ಲಿ ಬೊಕ್ಕೆ ತರಿಸುವ ವೈರಸ್ಸೊಂದು ಆರ್‌ಎನ್‌ಎ ನಕಲು ಮಾಡುವ ಕಿಣ್ವವನ್ನು ತನ್ನ ಕವಚದೊಳಗೇ ಹೊತ್ತು ತರುತ್ತದೆಂದು 1970ರಲ್ಲಿ ಕಂಡಿದ್ದ. ಹಾಗಾದರೆ ಗಡ್ಡೆಯ ವೈರಸ್ಸುಗಳೂ ಏನಾದರೂ ಹೊತ್ತು ತರುತ್ತಿರಬೇಕಲ್ಲ ಎಂದು ಇಲಿಯ ರಕ್ತಕ್ಯಾನ್ಸರಿನ ವೈರಸ್ಸನ್ನು ತೆಗೆದು ನೋಡಿದ. ಆರ್‌ಎನ್‌ಎಯನ್ನು ಓದಿ ಡಿಎನ್‌ಎ ಬರೆಯುವ ಕಿಣ್ವ ಸಿಕ್ಕಿತು. ಟೆಮಿನ್ ಮತ್ತು ಮಿಜುತಾನಿ ಅಷ್ಟರಲ್ಲಿ ಅದನ್ನೇ ರೌಸ್‌ನ ವೈರಸ್ಸಿನಲ್ಲಿ ಕಂಡಿದ್ದರು. ಎರಡೂ ಲೇಖನಗಳು 1970ರ ಜೂನ್ 27ರ ನೇಚರ್ ಸಂಚಿಕೆಯಲ್ಲಿ ಅಕ್ಕಪಕ್ಕ ಅಚ್ಚಾದವು. ಹೊಳೆ ಹಿಂದಕ್ಕೂ ಹರಿಯುತ್ತದೆಂದು ಜಗತ್ತು ಒಪ್ಪಿತು. ಐದು ವರ್ಷಕ್ಕೆ ನೊಬೆಲ್ ಬಂತು.

ಮರುವರ್ಷ, 1971ರ ಸೆಪ್ಟೆಂಬರಿನಲ್ಲಿ, ಮೂವತ್ತಮೂರರ ಬಾಲ್ಟಿಮೋರ್ ಬ್ಯಾಕ್ಟೀರಿಯಾಲಜಿಕಲ್ ರಿವ್ಯೂಸ್ ಪತ್ರಿಕೆಗೆ ಏಳು ಪುಟಗಳ ಲೇಖನ ಬರೆದ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಅಚ್ಚುಕಟ್ಟೆನಿಸುವ ಬರಹ ಅದು. ಆತ ಕೇಳಿದ್ದು ಒಂದೇ ಪ್ರಶ್ನೆ. ಪ್ರೋಟೀನ್ ತಯಾರಿಸುವ ರೈಬೊಸೋಮು ಯಾವ ವೈರಸ್ಸಿನಲ್ಲೂ ಇಲ್ಲ, ಕೋಶದಲ್ಲಿ ಮಾತ್ರ ಇದೆ. ಊರಿಗೊಂದೇ ಗಿರಣಿ ಇದ್ದಂತೆ. ಯಾರ ಮನೆಯ ರಾಗಿಯಾದರೂ ಅಲ್ಲಿಗೇ ಬರಬೇಕು. ಗಿರಣಿ ಸ್ವೀಕರಿಸುವುದು ದೂತ ಆರ್‌ಎನ್‌ಎಯನ್ನಷ್ಟೇ. ಹಾಗಾದರೆ ಪ್ರತಿಯೊಂದು ವೈರಸ್ಸೂ ತನ್ನ ಒಡಲಿನ ಬರಹದಿಂದ ಆ ದೂತನ ತನಕ ಯಾವ ದಾರಿ ಹಿಡಿಯುತ್ತದೆ?

ದಾರಿಗಳು ಆರೇ ಆರು ಎಂದು ಬಾಲ್ಟಿಮೋರ್ ಎಣಿಸಿದ. ಸಿಡುಬು, ಹರ್ಪಿಸ್, ಅಡಿನೊಗಳದು ನಮ್ಮಂತೆಯೇ ಜೋಡಿ ಎಳೆಯ ಡಿಎನ್‌ಎ. ದೂತನನ್ನು ನೇರವಾಗಿ ಬರೆಸಿಕೊಳ್ಳುತ್ತವೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊದಂಥವುಗಳದು ಒಂಟಿ ಎಳೆಯ ಡಿಎನ್‌ಎ, ಮೊದಲು ಜೋಡಿಯಾಗದೆ ಗತಿಯಿಲ್ಲ. ಮೂರನೆಯ ವರ್ಗದ ಜೋಡಿ ಎಳೆಯ ಆರ್‌ಎನ್‌ಎಯನ್ನು, ಮಕ್ಕಳಿಗೆ ವಾಂತಿಭೇದಿ ತರುವ ರೋಟಾ ವೈರಸ್ಸಿನಲ್ಲಿರುವಂಥದನ್ನು, ಓದುವ ಕಿಣ್ವ ನಮ್ಮ ಕೋಶದಲ್ಲಿಲ್ಲ. ಅದನ್ನು ವೈರಸ್ಸೇ ತರಬೇಕು. ನಿಜವಾದ ಒಳನೋಟ ಇರುವುದು ಒಂಟಿ ಎಳೆಯ ಆರ್‌ಎನ್‌ಎಗಳನ್ನು ಆತ ಒಡೆದ ರೀತಿಯಲ್ಲಿ. ಪೋಲಿಯೊ, ಡೆಂಗಿ, ಮಂಗನ ಕಾಯಿಲೆಗಳ ಆರ್‌ಎನ್‌ಎ ತಾನೇ ದೂತ. ಕೋಶಕ್ಕೆ ಬಂದೊಡನೆ ರೈಬೊಸೋಮು ಅದನ್ನು ಓದತೊಡಗುತ್ತದೆ. ಅದಕ್ಕೆ ಧನ ಎಳೆಯೆಂದು ಹೆಸರು. ಹುಚ್ಚುನಾಯಿ ರೋಗ, ದಡಾರ, ಫ್ಲೂಗಳ ಎಳೆ ಋಣದ್ದು. ಬರಹ ವಿಲೋಮವಾಗಿರುವುದರಿಂದ ರೈಬೊಸೋಮಿಗೆ ಅದು ಅರ್ಥಹೀನ. ಪ್ರತಿಯೆಳೆಯನ್ನು ಬರೆದುಕೊಂಡ ಮೇಲಷ್ಟೇ ಕೆಲಸ. ಆದ್ದರಿಂದಲೇ ಪೋಲಿಯೊದ ಬರಿಯ ಆರ್‌ಎನ್‌ಎ ಕೋಶವನ್ನು ಹೊಕ್ಕರೆ ಸೋಂಕು ಹತ್ತುತ್ತದೆ, ಹುಚ್ಚುನಾಯಿ ರೋಗದ ಬರಿಯ ಆರ್‌ಎನ್‌ಎ ಹೊಕ್ಕರೆ ಏನೂ ಆಗುವುದಿಲ್ಲ. ನರ ಹಿಡಿಯುತ್ತವೆಂದು ಒಂದೇ ಮನೆಯಲ್ಲಿ ಕೂಡಿಹಾಕಿದ್ದ ಆ ಎರಡು ರೋಗಗಳು ಹೀಗೆ ಪಾಲಾದವು. ಆರನೆಯ ವರ್ಗ ಹಿಂದಕ್ಕೆ ಹರಿಯುವ ರೆಟ್ರೊ ವೈರಸ್ಸುಗಳದು. ಎಚ್‌ಐವಿ ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದಕ್ಕೆ ಆಸನ ಮಾತ್ರ ಆಗಲೇ ಸಿದ್ಧವಾಗಿತ್ತು.

ಏಳನೆಯ ಆಸನ ತಡವಾಗಿ ಹಾಕಿದ್ದು. ಫಿಲಡೆಲ್ಫಿಯದ ಸಮ್ಮರ್ಸ್ ಮತ್ತು ಮೇಸನ್ 1982ರಲ್ಲಿ ಬಾತುಕೋಳಿಯ ಹೆಪಟೈಟಿಸ್ ಬಿ ವೈರಸ್ಸನ್ನು ಪರೀಕ್ಷಿಸಿ, ಅದರ ಒಡಲಲ್ಲಿ ಡಿಎನ್‌ಎ ಇದ್ದರೂ ನಕಲಾಗುವಾಗ ಆರ್‌ಎನ್‌ಎಯ ಮೂಲಕ ಹಾದು ಮತ್ತೆ ಡಿಎನ್‌ಎ ಆಗುತ್ತದೆಂದು ತೋರಿಸಿದರು. ಕಾಮಾಲೆಯ ಸಂಸಾರವೇ ವಿಚಿತ್ರ. ಎ, ಬಿ, ಸಿ, ಡಿ, ಇ ಎಂದು ಒಡಹುಟ್ಟಿದವರಂತೆ ಹೆಸರಿಟ್ಟುಕೊಂಡ ಈ ಐದರ ನಡುವೆ ಹತ್ತಿರದ ರಕ್ತಸಂಬಂಧವೇ ಇಲ್ಲ. ಯಕೃತ್ತು ನೋಯುತ್ತದೆಂಬುದೊಂದೇ ನಂಟು. ಡಿ ಅಂತೂ ತನ್ನದೆಂಬ ಹೊರಕವಚವಿಲ್ಲದೆ ಬಿಯ ಕವಚವನ್ನು ಎರವಲು ತೊಡುತ್ತದೆ.

ಕೋಷ್ಟಕದ ಆಚೆಗೇ ಉಳಿದವರೂ ಇದ್ದಾರೆ. ಬಾಲ್ಟಿಮೋರ್‌ನ ಲೇಖನ ಬಂದ 1971ರಲ್ಲೇ ಅಮೆರಿಕದ ಥಿಯೋಡರ್ ಡೀನರ್, ಆಲೂಗಡ್ಡೆಯನ್ನು ಕದಿರಿನಂತೆ ಸೊರಗಿಸುವ ರೋಗಕ್ಕೆ ಕವಚವೇ ಇಲ್ಲದ, ಯಾವ ಪ್ರೋಟೀನನ್ನೂ ಬರೆಸದ ಪುಟ್ಟ ಆರ್‌ಎನ್‌ಎ ತುಣುಕೇ ಕಾರಣವೆಂದು ಘೋಷಿಸಿ ಅದನ್ನು ವೈರಾಯ್ಡ್ ಎಂದು ಕರೆದ. ಗಿರಣಿಗೆ ಬರುವ ಹಂಗೇ ಇಲ್ಲದವನನ್ನು ಗಿರಣಿಯ ಲೆಕ್ಕದಲ್ಲಿ ಎಲ್ಲಿ ಬರೆಯುವುದು?

ಅಂತರರಾಷ್ಟ್ರೀಯ ಸಮಿತಿ ಬಾಲ್ಟಿಮೋರ್‌ನ ಏಳು ವರ್ಗಗಳನ್ನು ತನ್ನ ಅಧಿಕೃತ ಶ್ರೇಣಿಯಾಗಿ ಮಾಡಿಕೊಳ್ಳಲಿಲ್ಲ. ಪಠ್ಯಪುಸ್ತಕಗಳು ಆತನ ಕೋಷ್ಟಕವನ್ನು ಮುದ್ರಿಸುತ್ತಲೇ ಬಂದವು, ಸಮಿತಿ ತನ್ನ ಕುಟುಂಬಗಳನ್ನೂ ಕುಲಗಳನ್ನೂ ಬರೆದುಕೊಳ್ಳುತ್ತಲೇ ಬಂತು. 2020ರ ಹೊತ್ತಿಗೆ, ತಳಿಬರಹಗಳ ಹೋಲಿಕೆಯಿಂದ, ಕುಟುಂಬಗಳ ಮೇಲೆ ಸಾಮ್ರಾಜ್ಯಗಳನ್ನೇ ಕಟ್ಟುವಷ್ಟು ಧೈರ್ಯ ಅದಕ್ಕೆ ಬಂದಿತ್ತು. ಆಗ ಕೆಲವು ವರ್ಗಗಳು ಒಡೆದವು. ಹರ್ಪಿಸ್ ಮತ್ತು ಸಿಡುಬು ಎರಡೂ ಮೊದಲ ವರ್ಗದವೇ, ಆದರೆ ಬೇರೆ ಬೇರೆ ಸಾಮ್ರಾಜ್ಯಕ್ಕೆ ಸಂದವು. ಹರ್ಪಿಸ್ ಹೋಗಿ ಸೇರಿದ್ದು ಬ್ಯಾಕ್ಟೀರಿಯಗಳನ್ನು ಹೊಗುವ ಬಾಲದ ವೈರಸ್ಸುಗಳ ಜೊತೆಗೆ. ಅವೆರಡರ ಕವಚದ ಮುಖ್ಯ ಪ್ರೋಟೀನು ಒಂದೇ ರೀತಿ ಮಡಿಚಿಕೊಂಡಿದೆ ಎಂಬ ಕಾರಣಕ್ಕೆ. ಲ್ವಾಫ್ ಮತ್ತು ಹಾರ್ನ್ ನೆಚ್ಚಿದ್ದ ಕವಚ ಹೀಗೆ ಹಿಂಬಾಗಿಲಿನಿಂದ ಆಸ್ಥಾನಕ್ಕೆ ಮರಳಿತು.

ಜೋಡಿಹೆಸರಿನ ನಿಯಮವನ್ನೂ 2021ರಲ್ಲಿ ಕಡ್ಡಾಯ ಮಾಡಿದರು. ಹೊಗೆಸೊಪ್ಪಿನ ವೈರಸ್ಸಿನ ಪ್ರಭೇದ ಈಗ ಟೊಬಾಮೊವೈರಸ್ ಟಬಾಸಿ. ಎರಡನೆಯ ಪದ ಹೋಮ್ಸ್ ಬಳಸಿದ್ದೇ. ಮಂಗನ ಕಾಯಿಲೆಯದು ಆರ್ಥೊಫ್ಲಾವಿವೈರಸ್ ಕ್ಯಾಸನೂರೆನ್ಸೆ. ಪ್ರಭೇದದ ಹೆಸರು ಪಟ್ಟಿಗೆ ಮಾತ್ರ, ವೈರಸ್ಸಿನ ವಾಡಿಕೆಯ ಹೆಸರು ಬಳಕೆಗೆ ಎಂದು ಸಮಿತಿಯೇ ಬೇರ್ಪಡಿಸಿಟ್ಟಿರುವುದರಿಂದ, ಸೊರಬ, ಸಾಗರ, ತೀರ್ಥಹಳ್ಳಿಗಳ ಆಸ್ಪತ್ರೆಗಳಲ್ಲಿ ಚೀಟಿ ಬರೆಯುವವರು ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬುದನ್ನು ಮೊಟಕಿಸಿದ ಕೆಎಫ್‌ಡಿ ಎಂಬ ಮೂರು ಅಕ್ಷರಗಳನ್ನು ಬದಲಿಸಬೇಕಾಗಿ ಬಂದಿಲ್ಲ.